ಹಲಾಲ್ ಆಹಾರ ತಯಾರಿಕೆ ಮತ್ತು ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಹಾರ ಕಾರ್ಖಾನೆಗಳ ಗುಣಮಟ್ಟ ನೋಡುವುದು, ಅದರಲ್ಲೂ ಹಲಾಲ್ ಆಡಿಟ್ ಮಾಡುವುದು ನನ್ನ ಕೆಲಸ. ಮಾಲೀಕರು, ಸ್ಟೋರ್ ನೋಡಿಕೊಳ್ಳುವವರು, ಲಾರಿ ಡ್ರೈವರ್‌ಗಳು, ಮನೆಗೆ ಸಾಮಾನು ತರುವವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ನನ್ನ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಧಾರ್ಮಿಕ ತೀರ್ಪು ಕೊಡುವವನು ನಾನಲ್ಲ, ಅದಕ್ಕೆ ಉಲಮಾಗಳು, ಅಂದರೆ ಇಸ್ಲಾಂ ಧರ್ಮದ ವಿದ್ವಾಂಸರು, ಇದ್ದಾರೆ. ಅವರು ಹೇಳಿದ್ದು ಕಾರ್ಖಾನೆಯೊಳಗೆ ನಿಜವಾಗಿ ನಡೆಯುತ್ತಿದೆಯಾ ಅಂತ ನೋಡುವುದಷ್ಟೇ ನನ್ನ ಪಾಲು.

ಹಲಾಲ್ ಅಂದರೆ ಪ್ರಾಣಿಯನ್ನು ಕೊಯ್ಯುವ ರೀತಿ ಅಷ್ಟೇ ಅಲ್ವಾ?

ಅದು ಒಂದು ಭಾಗ. ಹಲಾಲ್ ಅಂದರೆ ಅನುಮತಿ ಇರುವುದು, ಹರಾಮ್ ಅಂದರೆ ನಿಷಿದ್ಧ. ಮಾತು ಮಾಂಸಕ್ಕೆ ನಿಲ್ಲುವುದಿಲ್ಲ. ಬಿಸ್ಕತ್ತು, ಐಸ್‌ಕ್ರೀಮು, ಚೀಸು, ಮಾತ್ರೆಯ ಕ್ಯಾಪ್ಸೂಲು ಎಲ್ಲಕ್ಕೂ ಈ ಪ್ರಶ್ನೆ ಬರುತ್ತದೆ. ಕುರ್‌ಆನಿನ 2ನೇ ಅಧ್ಯಾಯದ 168ನೇ ವಚನದಲ್ಲಿ ಹಲಾಲ್ ಜೊತೆಗೇ ತಯ್ಯಿಬ್ ಅನ್ನುವ ಪದವೂ ಇದೆ. ಒಳ್ಳೆಯದು, ಶುದ್ಧವಾದದ್ದು, ತಿನ್ನಲು ಯೋಗ್ಯವಾದದ್ದು ಅಂತ ಅದರ ಅರ್ಥ. ಹಾಗಾಗಿ ಸರಿಯಾಗಿಯೇ ಕೊಯ್ದು, ಆಮೇಲೆ ಬಿಸಿಲಲ್ಲಿ ಇಟ್ಟು ಕೆಡಿಸಿದ ಮಾಂಸ ಈ ಜೋಡಿಯ ಅರ್ಧವನ್ನು ಕಳೆದುಕೊಂಡಿರುತ್ತದೆ. ಗುಣಮಟ್ಟ ಬೇರೆ ಇಲಾಖೆ, ಹಲಾಲ್ ಬೇರೆ ಇಲಾಖೆ ಅಂತ ಗೋಡೆ ಕಟ್ಟಿಕೊಂಡ ಕಾರ್ಖಾನೆಗಳಲ್ಲಿ ಎರಡೂ ಸರಿ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ.

ನಮ್ಮಲ್ಲಿ ಹಂದಿಮಾಂಸ ಇಲ್ಲ, ಮದ್ಯ ಇಲ್ಲ. ಮತ್ತೆ ಚಿಂತೆ ಯಾಕೆ?

ಈ ಮಾತು ಕೇಳಿದಾಗಲೇ ನನಗೆ ಚಿಂತೆ ಶುರುವಾಗುವುದು. ಯಾಕಂದರೆ ಹಂದಿ ಬಾಗಿಲಲ್ಲಿ ಹೆಸರು ಹೇಳಿಕೊಂಡು ಒಳಗೆ ಬರುವುದಿಲ್ಲ. ಎಂಜೈಮಾಗಿ ಬರುತ್ತದೆ, ಚರ್ಮ, ಎಲುಬಿನಿಂದ ತೆಗೆಯುವ ಜೆಲಟಿನ್ ಆಗಿ ಬರುತ್ತದೆ, ಬಿಳಿ ಪುಡಿಯಾಗಿ ಬರುತ್ತದೆ.

ಇದಕ್ಕೆ ಎಲ್ಲರೂ ಓದಬೇಕಾದ ಪ್ರಕರಣ ಇಂಡೋನೇಷ್ಯಾದ್ದು. 2001ರ ಆರಂಭದಲ್ಲಿ ಅಲ್ಲಿ ಮನೆಮನೆಯಲ್ಲೂ ಬಳಸುತ್ತಿದ್ದ ಒಂದು ರುಚಿವರ್ಧಕ, ಅಂದರೆ ಎಂಎಸ್‌ಜಿ, ಮಾರುಕಟ್ಟೆಯಿಂದ ವಾಪಸ್ ಹೋಯಿತು. ಎಂಎಸ್‌ಜಿಯನ್ನು ಬ್ಯಾಕ್ಟೀರಿಯಾ ಬೆಳೆಸಿ, ಹುದುಗಿಸಿ ಮಾಡುತ್ತಾರೆ. ಆ ಬ್ಯಾಕ್ಟೀರಿಯಾಗೂ ಊಟ ಬೇಕಲ್ಲ. ಅದಕ್ಕೆ ಕೊಡುತ್ತಿದ್ದ ಪೋಷಕಾಂಶವನ್ನು ಬದಲಾಯಿಸಿದ್ದರು. ಹೊಸದು ಸೋಯಾದಿಂದ ಮಾಡಿದ್ದೇ. ಆದರೆ ಸೋಯಾವನ್ನು ಒಡೆಯಲು ಬಳಸಿದ ಎಂಜೈಮು ಹಂದಿಯದ್ದು. ಅಂತಿಮ ಪುಡಿಯಲ್ಲಿ ಹಂದಿಯ ಅಂಶ ಉಳಿದಿರಲಿಲ್ಲ ಅಂತಲೇ ಪರೀಕ್ಷೆಗಳು ಹೇಳಿದವು. ಆದರೂ ಅಲ್ಲಿನ ಉಲಮಾ ಮಂಡಳಿ ಹರಾಮ್ ಅಂದಿತು. ಆಗ ದೇಶದ ಅಧ್ಯಕ್ಷರಾಗಿದ್ದ ಅಬ್ದುರ್ರಹ್ಮಾನ್ ವಾಹಿದ್, ಅವರೂ ಧಾರ್ಮಿಕ ವಿದ್ವಾಂಸರೇ, ಹಲಾಲ್ ಅಂದರು. ಆ ವಾದ ಒಂದು ಕಡೆ ಇರಲಿ. ತಯಾರಿಕೆಯವರು ಗಮನಿಸಬೇಕಾದದ್ದು ಬೇರೆ. ತಪ್ಪು ಆದದ್ದು ತಮ್ಮ ಕಚ್ಚಾ ವಸ್ತುವಿನ ಕಚ್ಚಾ ವಸ್ತುವಿನಲ್ಲಿ. ಮೂರು ಮೆಟ್ಟಿಲು ಹಿಂದೆ!

ಲೇಬಲ್ಲಿನ ಇ-ನಂಬರ್ ನೋಡಿದರೆ ಗೊತ್ತಾಗುತ್ತಲ್ಲ?

ಕೆಲವಕ್ಕೆ ಗೊತ್ತಾಗುತ್ತದೆ, ಬಹಳಷ್ಟಕ್ಕೆ ಇಲ್ಲ. ಇ-ನಂಬರ್ ಅಂದರೆ ಆಹಾರಕ್ಕೆ ಹಾಕುವ ಸೇರ್ಪಡೆ ವಸ್ತುಗಳಿಗೆ ಕೊಟ್ಟ ಗುರುತಿನ ಸಂಖ್ಯೆ. ನಂಬರು ಅದು ಏನು ಅಂತ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ.

ಇ471 ತೆಗೆದುಕೊಳ್ಳಿ. ಬ್ರೆಡ್, ಕೇಕ್, ಐಸ್‌ಕ್ರೀಮಿನಲ್ಲಿ ಎಣ್ಣೆ-ನೀರು ಬೆರೆಯಲಿ ಅಂತ ಹಾಕುವ ಎಮಲ್ಸಿಫೈಯರ್ ಇದು. ತಾಳೆ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿಯ ಕೊಬ್ಬಿನಿಂದಲೂ ಮಾಡಬಹುದು. ಇ422 ಅಂದರೆ ಗ್ಲಿಸರಿನ್, ಅದರದೂ ಇದೇ ಕಥೆ. ಇ920 ಅಂದರೆ ಎಲ್-ಸಿಸ್ಟೀನ್, ಹಿಟ್ಟು ಮೆತ್ತಗಾಗಲು ಹಾಕುವುದು. ಇದನ್ನು ಹುದುಗುವಿಕೆಯಿಂದಲೂ ತೆಗೆಯುತ್ತಾರೆ, ಬಾತುಕೋಳಿ ಗರಿಯಿಂದಲೂ ತೆಗೆಯುತ್ತಾರೆ, ಮನುಷ್ಯರ ಕೂದಲಿನಿಂದಲೂ ತೆಗೆಯುತ್ತಾರೆ. ಹೌದು, ಕೂದಲಿನಿಂದಲೇ. ಇ120 ಅನ್ನುವ ಕೆಂಪು ಬಣ್ಣ ಕೊಚಿನೀಲ್ ಹುಳದಿಂದ ಬರುತ್ತದೆ. ಇಲ್ಲಿ ಮೂಲ ಸ್ಪಷ್ಟ, ಆದರೆ ಹುಳದ ಬಣ್ಣ ನಡೆಯುತ್ತದೋ ಇಲ್ಲವೋ ಅನ್ನುವಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ.

ಚೀಸ್ ಮತ್ತು ವೇ ಪುಡಿಯಲ್ಲಿ, ಅಂದರೆ ಹಾಲು ಒಡೆದಾಗ ಉಳಿಯುವ ನೀರನ್ನು ಒಣಗಿಸಿದ ಪುಡಿಯಲ್ಲಿ, ಕೇಳಬೇಕಾದದ್ದು ರೆನೆಟ್ ಬಗ್ಗೆ. ಹಾಲು ಒಡೆಸುವ ಈ ಎಂಜೈಮ್ ಹಿಂದೆ ಕರುವಿನ ಹೊಟ್ಟೆಯಿಂದ ಬರುತ್ತಿತ್ತು. ಈಗ ಸೂಕ್ಷ್ಮಜೀವಿಗಳಿಂದ ತಯಾರಾದದ್ದು ಜಾಸ್ತಿ. ರೆನೆಟ್ಟಿನ ಮುಖ್ಯ ಎಂಜೈಮಾದ ಅಂತಹ ಕೈಮೋಸಿನ್‌ಗೆ ಅಮೆರಿಕದಲ್ಲಿ 1990ರಲ್ಲೇ ಒಪ್ಪಿಗೆ ಸಿಕ್ಕಿತು.

ಇಂತಹ ಗೊತ್ತಿಲ್ಲದ ನಡುವಿನ ವಸ್ತುಗಳಿಗೆ ಮಷ್ಬೂಹ್ ಅನ್ನುತ್ತಾರೆ, ಅಂದರೆ ಸಂಶಯವಿರುವುದು. ಸಂಶಯ ಇದ್ದರೆ ಸಪ್ಲೈಯರ್‌ನಿಂದ ಮೂಲ ಯಾವುದು ಅಂತ ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸಸ್ಯಾಹಾರ ಅಂತ ಇದ್ದರೆ ತಾನಾಗಿಯೇ ಹಲಾಲ್ ಆಗುತ್ತಾ?

ಬಹಳ ಸಲ ಆಗುತ್ತದೆ, ಯಾವಾಗಲೂ ಇಲ್ಲ. ವೈನ್ ಹಾಕಿದ ಸಾಸು ಸಸ್ಯಾಹಾರವೇ, ಹಲಾಲ್ ಅಲ್ಲ. ಎಲುಬಿನ ಇದ್ದಿಲಲ್ಲಿ ಸೋಸಿದ ಸಕ್ಕರೆಯ ಲೇಬಲ್ಲಿನಲ್ಲಿ ಆ ಇದ್ದಿಲಿನ ಹೆಸರು ಬರುವುದಿಲ್ಲ.

ಆಲ್ಕೋಹಾಲ್ ಒಂದು ಹನಿಯೂ ಇರಬಾರದಾ?

ಮದ್ಯ ಒಂದು ಹನಿಯೂ ಕೂಡದು. ಆದರೆ ಎಥನಾಲ್ ಅನ್ನುವ ರಾಸಾಯನಿಕ ಮಾಗಿದ ಹಣ್ಣಿನಲ್ಲೂ ಬ್ರೆಡ್ಡಿನಲ್ಲೂ ತಾನಾಗಿ ಚೂರುಪಾರು ಇರುತ್ತದೆ. ಅದಕ್ಕೇ ನಿಯಮ ಮಾಡುವವರು ಮದ್ಯವಾಗಿ ತಯಾರಾದದ್ದು ಮತ್ತು ಬೇರೆ ಕಾರಣಕ್ಕೆ ಇರುವುದು ಅಂತ ಬೇರೆ ಮಾಡಿದ್ದಾರೆ. ಮಲೇಷ್ಯಾದ ಫತ್ವಾ, ಅಂದರೆ ಧಾರ್ಮಿಕ ತೀರ್ಪಿನ ಪ್ರಕಾರ ಅಮಲಿಗಾಗಿ ಮಾಡದ ತಂಪು ಪಾನೀಯದಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೆ ನಡೆಯುತ್ತದೆ. ಫ್ಲೇವರ್ ಅಥವಾ ಬಣ್ಣದ ಜೊತೆ ಬಂದದ್ದಾದರೆ, ಅದು ಮದ್ಯ ತಯಾರಿಕೆಯದ್ದಾಗಿರಬಾರದು, ಅಂತಿಮ ಪದಾರ್ಥದಲ್ಲಿ ಶೇ. 0.5 ದಾಟಬಾರದು. ಬೇರೆ ದೇಶಗಳ ಮಿತಿ ಬೇರೆ. ಕೆಲವರು ಇನ್ನೂ ಬಿಗಿ.

ಫ್ಲೇವರ್‌ಗಳಲ್ಲಿ ಎಡವುವುದು ಸುಲಭ. ಅಮೆರಿಕದ ನಿಯಮದಂತೆ ವೆನಿಲಾ ಎಕ್ಸ್‌ಟ್ರಾಕ್ಟ್ ಅನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಕನಿಷ್ಠ ಶೇ. 35 ಆಲ್ಕೋಹಾಲ್ ಇರಲೇಬೇಕು. ಪಟ್ಟಿಯಲ್ಲಿ ಮಾತ್ರ ಸುಮ್ನೆ 'ವೆನಿಲಾ' ಅಂತ ಕೂತಿರುತ್ತದೆ. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕೋಲ್‌ನಲ್ಲಿ ಮಾಡಿದ ಫ್ಲೇವರ್ ಸಿಗುತ್ತದೆ, ಕೇಳಿ ತರಿಸಿ.

ವಿನಿಗರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ತಾನಾಗಿ ಹುಳಿಯಾಗಿ ವಿನಿಗರ್ ಆದದ್ದು ಹಲಾಲ್ ಅಂತ ಇಸ್ಲಾಮಿನ ಎಲ್ಲ ಪಂಥಗಳೂ ಒಪ್ಪುತ್ತವೆ. ಒಂದು ವಸ್ತು ಸ್ವರೂಪವೇ ಬದಲಾಗಿ ಇನ್ನೊಂದಾಗುವುದಕ್ಕೆ ಇಸ್ತಿಹಾಲಾ ಅನ್ನುತ್ತಾರೆ. ಹಂದಿ ಚರ್ಮ ಜೆಲಟಿನ್ ಆದರೆ ಅದೂ ಇಸ್ತಿಹಾಲಾ ಆಗುತ್ತದಾ ಅನ್ನುವ ವಾದ ಇನ್ನೂ ಮುಗಿದಿಲ್ಲ. ಪ್ರಮಾಣಪತ್ರ ಕೊಡುವ ದೊಡ್ಡ ಸಂಸ್ಥೆಗಳು ಒಪ್ಪುವುದಿಲ್ಲ. ವ್ಯಾಪಾರ ಮಾಡುವವರಿಗೆ ಅಷ್ಟು ಸಾಕು.

ಕೊಯ್ಯುವ ಜಾಗದಲ್ಲಿ ಏನೇನು ನೋಡಬೇಕು?

ಮೂಲ ನಿಯಮಗಳು ಕೆಲವೇ. ಪ್ರಾಣಿ ಹಲಾಲ್ ಜಾತಿಯದ್ದಾಗಿರಬೇಕು, ಕೊಯ್ಯುವಾಗ ಜೀವಂತ ಇರಬೇಕು. ಕೊಯ್ಯುವವರು ಬುದ್ಧಿ ಬೆಳೆದ, ವಿಧಾನ ಗೊತ್ತಿರುವ ಮುಸ್ಲಿಮರಾಗಿರಬೇಕು. ಅಲ್ಲಾಹನ ಹೆಸರು ಹೇಳಬೇಕು. ಚೂರಿ ಹರಿತವಾಗಿರಬೇಕು. ಶ್ವಾಸನಾಳ, ಅನ್ನನಾಳ ಮತ್ತು ಕತ್ತಿನ ದೊಡ್ಡ ರಕ್ತನಾಳಗಳು ಕತ್ತರಿಸಿ, ರಕ್ತ ಹರಿದುಹೋಗಬೇಕು. ಅಂತರರಾಷ್ಟ್ರೀಯ ಆಹಾರ ಮಾನದಂಡ ಮಾಡುವ ಕೋಡೆಕ್ಸ್ ಸಂಸ್ಥೆಯ 1997ರ ಮಾರ್ಗಸೂಚಿಯಲ್ಲೂ ಇದೇ ಇದೆ.

ಓದುವುದಕ್ಕೆ ಸಲೀಸು. ಈಗ ಕೋಳಿ ಲೈನಿನ ಪಕ್ಕ ನಿಂತು ನೋಡಿ. ಗಂಟೆಗೆ ಸಾವಿರಗಟ್ಟಲೆ ಕೋಳಿ ತಲೆಕೆಳಗಾಗಿ ಸಾಗುತ್ತವೆ. ಕೊಯ್ಯುವವರ ಕೈ ಸೋಲುತ್ತದೆ, ಚೂರಿ ಮೊಂಡಾಗುತ್ತದೆ, ಒಂದು ಕೋಳಿ ಕುತ್ತಿಗೆ ಎಳೆದುಕೊಂಡು ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಮುಂದೆ ಇನ್ನೊಬ್ಬರು ಇಲ್ಲದಿದ್ದರೆ, ಕೋಳಿ ಜೀವ ಇರುವಾಗಲೇ ಬಿಸಿನೀರಿನ ತೊಟ್ಟಿಗೆ ಹೋಗುತ್ತದೆ. ಪುಕ್ಕ ಕಿತ್ತ ಮೇಲೆ ಅದು ಅಡಗುವುದಿಲ್ಲ. ಉಳಿದವೆಲ್ಲ ಬಿಳಿ-ಹಳದಿ ಇದ್ದರೆ ಇದೊಂದು ಕತ್ತಿನಿಂದ ಎದೆವರೆಗೆ ಕೆಂಪಗಿರುತ್ತದೆ. ಒಳಗಿನ ರಕ್ತ ಹೊರಗೆ ಬಂದಿಲ್ಲ ಅಂತ ಅರ್ಥ. ಹಲಾಲ್ ನೋಡುವವರಿಗೂ ಅದು ಬೇಡ, ಆರೋಗ್ಯ ಇಲಾಖೆಯವರಿಗೂ ಬೇಡ, ಪ್ರಾಣಿದಯೆಯವರಿಗಂತೂ ಬೇಡವೇ ಬೇಡ. ನಾನು ಮೊದಲು ಕೇಳುವುದು ಒಂದೇ: ಇವತ್ತು ಎಷ್ಟು ಕೆಂಪು ಕೋಳಿ ಬಂದವು, ಎಲ್ಲಿ ಬರೆದಿದ್ದೀರಿ? ವರ್ಷವಿಡೀ ಸೊನ್ನೆ ಅಂತ ಬರೆದ ಪುಸ್ತಕ ತೋರಿಸಿದರೆ ನನಗೆ ನಂಬಿಕೆ ಬರುವುದಿಲ್ಲ.

ಟೇಪಿನಲ್ಲಿ ಬಿಸ್ಮಿಲ್ಲಾ ಹಾಕಿಟ್ಟರೆ ಸಾಕಾ ಅಂತಲೂ ಕೇಳುತ್ತಾರೆ. ಸಾಲದು. ಕೊಯ್ಯುವವರೇ ಹೇಳಬೇಕು.

ಸ್ಟನ್ನಿಂಗ್ ಮಾಡಿದ ಮಾಂಸ ಹಲಾಲಾ?

ಎಲ್ಲರೂ ಒಪ್ಪುವ ಉತ್ತರ ಇಲ್ಲ. ಸ್ಟನ್ನಿಂಗ್ ಅಂದರೆ ಕೊಯ್ಯುವ ಮೊದಲು ಪ್ರಾಣಿಗೆ ಎಚ್ಚರ ತಪ್ಪಿಸುವುದು. ಮಲೇಷ್ಯಾದ ಎಂಎಸ್ 1500 ಮಾನದಂಡ ಷರತ್ತಿನ ಮೇಲೆ ಒಪ್ಪುತ್ತದೆ: ಪ್ರಾಣಿ ಸಾಯಬಾರದು, ಕೊಯ್ಯದೆ ಬಿಟ್ಟರೆ ಎದ್ದು ಓಡಾಡುವಂತಿರಬೇಕು. ಕೆಲವು ಸಂಸ್ಥೆಗಳು ಸ್ಟನ್ನಿಂಗನ್ನು ಒಪ್ಪುವುದೇ ಇಲ್ಲ. ಕೆಲವು ದೇಶಗಳ ಕಾನೂನು ಅದನ್ನು ಕಡ್ಡಾಯ ಮಾಡಿದೆ.

ಒಪ್ಪುವ ಕಡೆಯೂ ಕೆಲಸ ಮುಗಿಯುವುದಿಲ್ಲ. ಕೋಳಿಗೆ ಕರೆಂಟ್ ಜಾಸ್ತಿಯಾದರೆ ಕೊಯ್ಯುವ ಮೊದಲೇ ಸಾಯುತ್ತದೆ. ಆದ್ದರಿಂದ ಆಗಾಗ ಒಂದೆರಡು ಕೋಳಿಯನ್ನು ಲೈನಿನಿಂದ ಇಳಿಸಿ, ಎದ್ದು ನಿಲ್ಲುತ್ತವಾ ಅಂತ ನೋಡಬೇಕು. ಐದು ನಿಮಿಷದ ಕೆಲಸ. ಎಷ್ಟೋ ಕಡೆ ಆಡಿಟ್ ದಿನ ಬಿಟ್ಟರೆ ಇನ್ಯಾವತ್ತೂ ಮಾಡುವುದಿಲ್ಲ.

ಮೀನಿಗೂ ಇದೆಲ್ಲ ಇದೆಯಾ?

ಮೀನನ್ನು ಕೊಯ್ಯುವ ವಿಧಿ ಇಲ್ಲ. ಸಿಗಡಿ, ಏಡಿ ಬಗ್ಗೆ ಹನಫಿ ಪಂಥದ ನಿಲುವು ಬೇರೆ, ಶಾಫಿ ಪಂಥದ್ದು ಬೇರೆ. ತಯಾರಾದ ಮೀನಿನ ಪದಾರ್ಥದಲ್ಲಿ ನೋಡಬೇಕಾದದ್ದು ಮಸಾಲೆ ಮತ್ತು ಸಾಸು.

ಒಂದೇ ಲೈನಿನಲ್ಲಿ ಹಲಾಲ್ ಮತ್ತು ಬೇರೆ ಪದಾರ್ಥ ಎರಡನ್ನೂ ಮಾಡಬಹುದಾ?

ಬೇರೆ ಪದಾರ್ಥ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಂದಿ ಬಂದ ಜಾಗ ಆಗಿದ್ದರೆ ನನ್ನ ಸಲಹೆ ಒಂದೇ: ಲೈನೇ ಬೇರೆ ಇಡಿ. ಶಾಫಿ ಪಂಥದ ಪ್ರಕಾರ ಅದು ಭಾರಿ ನಜಿಸ್, ಅಂದರೆ ಅಶುದ್ಧ. ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಮಲೇಷ್ಯಾದ ಮಾನದಂಡ ಹೀಗೆ ತೊಳೆದು ಲೈನನ್ನು ಹಲಾಲ್‌ಗೆ ಬದಲಾಯಿಸಲು ಬಿಡುತ್ತದೆ. ಆದರೆ ಇವತ್ತು ಅದು, ನಾಳೆ ಇದು ಅಂತ ಹಿಂದೆ ಮುಂದೆ ಮಾಡಲು ಬಿಡುವುದಿಲ್ಲ.

ಹಂದಿಯಲ್ಲದೆ ಬೇರೆ ಸಂಶಯದ ವಸ್ತು ಆಗಿದ್ದರೆ ಚೆನ್ನಾಗಿ ತೊಳೆದು, ತೊಳೆದದ್ದನ್ನು ಪರೀಕ್ಷಿಸಿ, ಹಲಾಲ್ ಬ್ಯಾಚನ್ನು ಮೊದಲು ಓಡಿಸುವುದನ್ನು ಕೆಲವು ಸಂಸ್ಥೆಗಳು ಒಪ್ಪುತ್ತವೆ. ಮೊದಲೇ ಕೇಳಿಕೊಳ್ಳಿ.

ಪದಾರ್ಥವೆಲ್ಲ ಸರಿ ಇದೆ. ಇನ್ನೆಲ್ಲಿ ತಪ್ಪಾಗಬಹುದು?

ಬ್ರಷ್ಷಿನಲ್ಲಿ! ತಮಾಷೆ ಅಲ್ಲ. ಒಂದು ಬೇಕರಿ ಘಟಕದಲ್ಲಿ ಹಿಟ್ಟು, ಎಣ್ಣೆ, ಯೀಸ್ಟು ಎಲ್ಲದರ ಕಾಗದ ಪಕ್ಕಾ ಇತ್ತು. ಮುಗಿಸಿ ಹೊರಡುವಾಗ ಒಬ್ಬ ಹುಡುಗ ಬನ್ನಿನ ಮೇಲೆ ಬೆಣ್ಣೆ ಸವರುತ್ತಿದ್ದ. ಬ್ರಷ್ಷಿನ ಕೂದಲು ತೆಳು ಕಂದು ಬಣ್ಣ, ತುದಿ ಸೀಳಿತ್ತು. ಒಂದು ಎಳೆ ಕಿತ್ತು ಲೈಟರ್ ಹಿಡಿದೆ. ಪ್ಲಾಸ್ಟಿಕ್ ಎಳೆ ಆಗಿದ್ದರೆ ಕರಗಿ ಗಂಟಾಗುತ್ತದೆ. ಇದು ಚುರ್ ಅಂತ ಸುಟ್ಟು, ತಲೆಕೂದಲು ಸುಟ್ಟ ವಾಸನೆ ಬಂತು. ಪ್ರಾಣಿಯ ಕೂದಲು ಅನ್ನುವುದು ಖಾತ್ರಿಯಾಯಿತು. ಕವಚ ಹುಡುಕಿದರೆ ಹಂದಿ ಕೂದಲು ಅಂತ ಮುದ್ರಿಸಿಯೇ ಇತ್ತು. ಯಾರೂ ಓದಿರಲಿಲ್ಲ, ಯಾಕಂದರೆ ಬ್ರಷ್ ತರುವುದು ಪದಾರ್ಥ ಕೊಳ್ಳುವವರಲ್ಲ, ಮೆಂಟೆನೆನ್ಸ್‌ನವರು. ಆ ಹುಡುಗ ಬ್ರಷ್ಷನ್ನು ನೋಡಿಕೊಂಡು ನಿಂತಿದ್ದ ಮುಖ ನನಗೆ ಇನ್ನೂ ನೆನಪಿದೆ.

ಇದೇ ಸಾಲಿಗೆ ಸೇರುವವು ಬೇರೆಯೂ ಇವೆ: ಯಂತ್ರಕ್ಕೆ ಹಾಕುವ ಗ್ರೀಸು, ತಟ್ಟೆಗೆ ಅಂಟದಂತೆ ಸವರುವ ಎಣ್ಣೆ, ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಒಳಗಿನ ಸ್ಟಿಯರೇಟು (ಪ್ರಾಣಿಯ ಕೊಬ್ಬಿನಿಂದಲೂ ಬಂದಿರಬಹುದಾದ ವಸ್ತು), ಸಿಬ್ಬಂದಿ ಮನೆಯಿಂದ ತರುವ ಊಟದ ಡಬ್ಬಿ.

ಗೋದಾಮು, ಲಾರಿಯಲ್ಲಿ ಪ್ಯಾಕ್ ಮಾಡಿದ್ದು ತಾನೇ ಇರುವುದು?

ಪ್ಯಾಕ್ ಸೋರುತ್ತದೆ, ಹರಿಯುತ್ತದೆ. ಮಲೇಷ್ಯಾದಲ್ಲಿ ಇದಕ್ಕೇ ಎಂಎಸ್ 2400 ಅಂತ ಮೂರು ಭಾಗದ ಮಾನದಂಡ ಇದೆ: ಸಾಗಣೆಗೆ ಒಂದು, ಗೋದಾಮಿಗೆ ಒಂದು, ಅಂಗಡಿಗೆ ಒಂದು.

ಹಲಾಲ್ ಸರಕಿಗೆ ಬೇರೆ ಕಪಾಟು ಇರಲಿ, ಆಗದಿದ್ದರೆ ಮೇಲಿನ ಹಲಗೆ. ಸೋರಿದ್ದು ಕೆಳಗೆ ಬೀಳುತ್ತದೆಯೇ ಹೊರತು ಮೇಲೆ ಏರುವುದಿಲ್ಲ ಅಲ್ವಾ. ಶೀತ ಕಂಟೇನರ್ ಬಂದಾಗ ಹಿಂದಿನ ಸರಕು ಏನಿತ್ತು, ಯಾವಾಗ ತೊಳೆದರು ಅನ್ನುವ ಚೀಟಿ ಕೇಳಿ. ಎಣ್ಣೆ ಟ್ಯಾಂಕರ್ ಆದರೆ ಹಿಂದಿನ ಮೂರು ಲೋಡು ಕೇಳಿ. ಜೊತೆಗೆ ತಾಪಮಾನ: ಹೆಪ್ಪುಗಟ್ಟಿದ ಮಾಂಸ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಪೆಟ್ಟಿಗೆಯೊಳಗೆ ಮಂಜಿನ ದೊಡ್ಡ ಹರಳು ಕಂಡರೆ ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆಯೋ ಏನೋ ಅಂತ ತಾಪಮಾನದ ದಾಖಲೆ ತೆಗೆಸಿ ನೋಡಿ.

ಲ್ಯಾಬಿಗೆ ಕಳಿಸಿದರೆ ಎಲ್ಲ ಗೊತ್ತಾಗುತ್ತಲ್ಲ?

ಲ್ಯಾಬ್ ಒಳ್ಳೆಯ ಸಾಕ್ಷಿ, ಆದರೆ ಎಲ್ಲವನ್ನೂ ನೋಡಿಲ್ಲದ ಸಾಕ್ಷಿ. ಪಿಸಿಆರ್ ಪರೀಕ್ಷೆ ಹಂದಿಯ ಡಿಎನ್‌ಎ ಚೂರನ್ನೂ ಹಿಡಿಯುತ್ತದೆ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರಕಟಿಸಿದ ಫಲಿತಾಂಶ ನೆನಪಿಸಿಕೊಳ್ಳಿ. ದನದ ಮಾಂಸದ ಬರ್ಗರ್ ಅಂತ ಮಾರುತ್ತಿದ್ದ 27 ಮಾದರಿಗಳಲ್ಲಿ 10ರಲ್ಲಿ ಕುದುರೆಯ ಡಿಎನ್‌ಎ ಸಿಕ್ಕಿತು. ಪತ್ರಿಕೆಗಳು ಕುದುರೆಯನ್ನೇ ಬರೆದವು. ಆದರೆ 23ರಲ್ಲಿ ಹಂದಿಯ ಡಿಎನ್‌ಎ ಇತ್ತು. ನಮ್ಮ ಕ್ಷೇತ್ರದವರು ಆ ಎರಡನೇ ಸಂಖ್ಯೆ ನೋಡಿ ನಿದ್ದೆ ಕೆಡಿಸಿಕೊಂಡರು.

ಲ್ಯಾಬಿನ ಮಿತಿಯೂ ಇದೆ. ಜೆಲಟಿನ್‌ನಂತೆ ಕುದಿಸಿ, ಆಮ್ಲ ಹಾಕಿ ತಯಾರಿಸಿದ್ದರಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಅಲ್ಲಿ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು, ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕಾಗುತ್ತದೆ. ಸಕ್ಕರೆಯನ್ನು ಎಲುಬಿನ ಇದ್ದಿಲಲ್ಲಿ ಸೋಸಿದರಾ ಅಂತ ಪಿಸಿಆರ್ ಹೇಳುವುದಿಲ್ಲ. ಕೋಳಿಯನ್ನು ಕೊಯ್ಯುವಾಗ ಅಲ್ಲಾಹನ ಹೆಸರು ಹೇಳಿದರಾ ಅಂತ ಯಾವ ಯಂತ್ರವೂ ಹೇಳುವುದಿಲ್ಲ. ಅದಕ್ಕೆ ಅಲ್ಲಿ ನಿಂತು ನೋಡುವ ಮನುಷ್ಯ ಬೇಕು.

ಸರ್ಟಿಫಿಕೇಟ್ ಇದೆಯಲ್ಲ, ಸಾಕಲ್ವಾ?

ಸರ್ಟಿಫಿಕೇಟ್ ಒಂದು ದಿನದ ಫೋಟೋ. ಆಡಿಟ್ ಮಾಡಿದ ದಿನ ಹಾಗಿತ್ತು ಅಂತ ಹೇಳುತ್ತದೆ. ಉಳಿದ ದಿನಗಳನ್ನು ಕಾಯುವುದು ಕಾರ್ಖಾನೆಯ ಕೆಲಸ. ಮಲೇಷ್ಯಾದ ಪದ್ಧತಿಯಲ್ಲಿ ಒಳಗೇ ಒಂದು ಹಲಾಲ್ ಸಮಿತಿ ಇರಬೇಕು, ಇಂಡೋನೇಷ್ಯಾದಲ್ಲಿ ಹಲಾಲ್ ಮೇಲ್ವಿಚಾರಕ ಇರಬೇಕು ಅನ್ನುವುದು ಇದಕ್ಕೇ.

ಕೊಳ್ಳುವವರು ಸರ್ಟಿಫಿಕೇಟಿನಲ್ಲಿ ಲೋಗೋ ಬಿಟ್ಟು ಉಳಿದದ್ದನ್ನು ಓದಿ. ಅವಧಿ ಮುಗಿದಿದೆಯಾ? ನೀವು ಕೊಳ್ಳುತ್ತಿರುವ ಪದಾರ್ಥದ ಹೆಸರೇ ಇದೆಯಾ, ಅಥವಾ ಅದೇ ಕಂಪನಿಯ ಬೇರೆ ಪದಾರ್ಥದ್ದಾ? ಕಾರ್ಖಾನೆಯ ವಿಳಾಸ ಯಾವುದು? ಒಂದೇ ಕಂಪನಿಗೆ ನಾಲ್ಕು ಕಾರ್ಖಾನೆ ಇದ್ದು, ಒಂದಕ್ಕೆ ಮಾತ್ರ ಹಲಾಲ್ ಇರಬಹುದು. ಕೊನೆಗೆ, ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ನೋಡಿ.

ರಫ್ತು ಮಾಡುವವರು ಇನ್ನೊಂದು ನೋಡಬೇಕು. ಹಲಾಲ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಳಾದ ಮಲೇಷ್ಯಾದ ಜಾಕಿಮ್, ಇಂಡೋನೇಷ್ಯಾದ ಬಿಪಿಜೆಪಿಎಚ್ ತಾವು ಒಪ್ಪುವ ವಿದೇಶಿ ಸಂಸ್ಥೆಗಳ ಪಟ್ಟಿ ಇಟ್ಟಿವೆ. ಅದರಲ್ಲಿ ಹೆಸರಿಲ್ಲದ ಸಂಸ್ಥೆಯ ಕಾಗದ ಅಲ್ಲಿನ ಬಂದರಿನಲ್ಲಿ ನಡೆಯುವುದಿಲ್ಲ. ಇಡೀ ಲೋಕಕ್ಕೆ ಒಂದೇ ಮಾನದಂಡ ಇಲ್ಲ. 57 ದೇಶಗಳ ಇಸ್ಲಾಮಿಕ್ ಸಹಕಾರ ಸಂಘಟನೆಯ ಅಡಿಯಲ್ಲಿ ಎಸ್‌ಎಂಐಐಸಿ 1 ಅನ್ನುವ ಮಾನದಂಡ 2011ರಲ್ಲಿ ಬಂತು, 2019ರಲ್ಲಿ ಪರಿಷ್ಕಾರವಾಯಿತು. ಆದರೂ ದೇಶಗಳು ತಮ್ಮದನ್ನು ಬಿಟ್ಟಿಲ್ಲ. ಇಂಡೋನೇಷ್ಯಾ 2014ರ 33ನೇ ಕಾನೂನಿನಿಂದ ಹಲಾಲ್ ಪ್ರಮಾಣಪತ್ರವನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತಾ ಬಂದಿದೆ. ಹಲಾಲ್ ಅಲ್ಲದ್ದನ್ನು ಅಲ್ಲಿ ಮಾರಬಹುದು, ಆದರೆ ಹಲಾಲ್ ಅಲ್ಲ ಅಂತ ಸ್ಪಷ್ಟವಾಗಿ ಬರೆದಿರಬೇಕು.

ಎಚ್‌ಎಸಿಸಿಪಿ ಇದೆ. ಹಲಾಲ್‌ಗೆ ಮತ್ತೆ ಬೇರೆ ವ್ಯವಸ್ಥೆ ಕಟ್ಟಬೇಕಾ?

ಬೇಡ. ಎಚ್‌ಎಸಿಸಿಪಿ ಅಂದರೆ ತಯಾರಿಕೆಯ ಪ್ರತಿ ಹಂತದಲ್ಲೂ ಅಪಾಯ ಎಲ್ಲಿದೆ ಅಂತ ಗುರುತಿಸಿ ತಡೆಯುವ ಆಹಾರ ಸುರಕ್ಷತಾ ಪದ್ಧತಿ. ಇರುವ ಅದಕ್ಕೇ ಒಂದು ಕಂಬಸಾಲು ಸೇರಿಸಿ. ಸುರಕ್ಷತೆಯಲ್ಲಿ ಪ್ರತಿ ಹಂತಕ್ಕೂ ಇಲ್ಲಿ ರೋಗಾಣು ಬರಬಹುದಾ ಅಂತ ಕೇಳುತ್ತೀರಿ. ಅದೇ ಹಂತಕ್ಕೆ ಇಲ್ಲಿ ಹರಾಮ್ ಅಥವಾ ನಜಿಸ್ ಸೇರಬಹುದಾ ಅಂತಲೂ ಕೇಳಿ. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ರೋಗಾಣುವನ್ನು ಮುಂದಿನ ಹಂತದಲ್ಲಿ ಬೇಯಿಸಿ ಕೊಲ್ಲಬಹುದು. ಹಂದಿ ಕೊಬ್ಬು ಸೇರಿದ ಮೇಲೆ ಅದನ್ನು ತೆಗೆಯುವ ಮುಂದಿನ ಹಂತವೇ ಇಲ್ಲ.

ಕೆಲಸಗಾರರೆಲ್ಲ ಮುಸ್ಲಿಮರೇ ಆಗಬೇಕಾ?

ಕೊಯ್ಯುವವರು ಆಗಬೇಕು. ಮೇಲ್ವಿಚಾರಣೆಗೆ ಮುಸ್ಲಿಮರನ್ನೇ ಕೇಳುವ ಮಾನದಂಡಗಳಿವೆ. ಉಳಿದ ಕೆಲಸಕ್ಕೆ ಬೇಕಾದದ್ದು ತರಬೇತಿ ಮತ್ತು ಪ್ರಾಮಾಣಿಕತೆ. ನಾನು ಕಂಡ ಅತಿ ಕಟ್ಟುನಿಟ್ಟಿನ ಸ್ಟೋರ್ ಕೀಪರ್ ಮುಸ್ಲಿಮರಲ್ಲ. ಕಾಗದ ಇಲ್ಲದ ಮೂಟೆಯನ್ನು ಅವರು ಮಾಲೀಕರೇ ಹೇಳಿದರೂ ಒಳಗೆ ಬಿಡುತ್ತಿರಲಿಲ್ಲ.

ತಪ್ಪಾಗಿದೆ ಅಂತ ಗೊತ್ತಾದರೆ ಏನು ಮಾಡಬೇಕು?

ಮೊದಲು ನಿಲ್ಲಿಸಿ. ಒಂದು ಕಡೆ ಹೀಗಾಯಿತು. ಮಾಮೂಲಿ ಎಮಲ್ಸಿಫೈಯರ್ ಸಿಗಲಿಲ್ಲ. ಖರೀದಿಯವರು ಬೇರೆ ಸಪ್ಲೈಯರ್‌ನಿಂದ ಅದೇ ಇ471 ತರಿಸಿದರು. ನಂಬರ್ ಒಂದೇ, ಹಾಗಾಗಿ ಯಾರಿಗೂ ಹೇಳಲಿಲ್ಲ. ಮೂಟೆಯ ಬಣ್ಣ ಬೇರೆ ಇದೆಯಲ್ಲ ಅಂತ ಮಿಕ್ಸಿಂಗ್‌ನಲ್ಲಿದ್ದ ಹೆಂಗಸೊಬ್ಬರು ಕೇಳಿದಾಗ ವಿಷಯ ಹೊರಬಂತು. ಮೂಲದ ಜಾಗದಲ್ಲಿ 'ಸಸ್ಯ ಅಥವಾ ಪ್ರಾಣಿ' ಅಂತ ಇತ್ತು! ಅಷ್ಟರಲ್ಲಿ ಎರಡು ಬ್ಯಾಚ್ ತಯಾರಾಗಿತ್ತು. ಎರಡಕ್ಕೂ ಕೆಂಪು ಚೀಟಿ ಅಂಟಿಸಿ ಗೋದಾಮಿನ ಮೂಲೆಗೆ ತಳ್ಳಿದರು, ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಾವೇ ತಿಳಿಸಿದರು. ತಾಳೆ ಎಣ್ಣೆಯದ್ದು ಅನ್ನುವ ದಾಖಲೆ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಮಾಲೀಕರು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಸರಕು ಹೊರಗೆ ಹೋಗಿದ್ದರೆ ವಾಪಸ್ ತರಿಸಬೇಕು, ಅದಕ್ಕೆ ಯಾವ ಬ್ಯಾಚ್ ಯಾರಿಗೆ ಹೋಯಿತು ಅಂತ ಗೊತ್ತಿರಬೇಕು. ವರ್ಷಕ್ಕೆ ಒಂದೆರಡು ಸಲ ಅಭ್ಯಾಸ ಮಾಡಿ ನೋಡಿ. ಒಂದು ಪ್ಯಾಕೆಟ್ ಎತ್ತಿಕೊಂಡು, ಅದರೊಳಗಿನ ಪ್ರತಿ ವಸ್ತುವಿನ ಮೂಟೆ ಸಂಖ್ಯೆಯವರೆಗೆ ಹಿಂದೆ ಹೋಗಿ. ನಾಲ್ಕು ಗಂಟೆಯಲ್ಲಿ ಆಗದಿದ್ದರೆ ನಿಮ್ಮ ಪುಸ್ತಕ ಸರಿ ಇಲ್ಲ.

ನಮ್ಮದು ಸಣ್ಣ ಘಟಕ. ಎಲ್ಲಿಂದ ಶುರು ಮಾಡಬೇಕು?

ಒಂದು ಹಾಳೆಯಲ್ಲಿ ಒಳಗೆ ಬರುವ ಎಲ್ಲವನ್ನೂ ಬರೆಯಿರಿ. ಪದಾರ್ಥ ಮಾತ್ರ ಅಲ್ಲ, ಗ್ರೀಸು, ಬ್ರಷ್ಷು, ಸೋಪು ಕೂಡ. ಪಕ್ಕದಲ್ಲಿ ಮೂಲ ಯಾವುದು, ಕಾಗದ ಇದೆಯಾ ಅಂತ ಎರಡು ಕಂಬಸಾಲು ಹಾಕಿ. ಖಾಲಿ ಉಳಿದ ಜಾಗಗಳೇ ನಿಮ್ಮ ಮೊದಲ ತಿಂಗಳ ಕೆಲಸ. ಆಮೇಲೆ ಖರೀದಿಯವರಿಗೆ ಒಂದು ನಿಯಮ ಮಾಡಿ: ಸಪ್ಲೈಯರ್ ಬದಲಾದರೆ, ಬೆಲೆ ಎಷ್ಟೇ ಕಮ್ಮಿ ಇರಲಿ, ಇನ್ನೊಬ್ಬರ ಸಹಿ ಇಲ್ಲದೆ ಮೂಟೆ ಒಳಗೆ ಬರುವುದಿಲ್ಲ.

ಆಡಿಟ್‌ಗೆ ಬಂದವರು ಮೊದಲು ಏನು ನೋಡುತ್ತಾರೆ?

ಬೇರೆಯವರದ್ದು ಗೊತ್ತಿಲ್ಲ. ನಾನು ಕಾಫಿ ಕುಡಿದು ಫೈಲ್ ನೋಡುವ ಮೊದಲು ಹಿಂಬಾಗಿಲ ಹತ್ತಿರದ ಮೆಂಟೆನೆನ್ಸ್ ಕೋಣೆಗೆ ಹೋಗುತ್ತೇನೆ. ಅಲ್ಲಿ ಲೇಬಲ್ ಇಲ್ಲದ ಒಂದು ಡಬ್ಬ ಕಂಡರೆ, ಅವತ್ತು ಸಂಜೆ ಬೇಗ ಮನೆ ಸೇರುವ ಆಸೆ ಬಿಡುತ್ತೇನೆ.